ನಾಲ್ಕೂವರೆ ಇಂಚಿಗೇ ನನ್ನ ಓಟು

ಪೂಲ್ ಎಂದರೆ ಕೋಲಿನಿಂದ ಬಿಳಿ ಚೆಂಡನ್ನು ಹೊಡೆದು, ಅದರಿಂದ ಬಣ್ಣದ ಚೆಂಡುಗಳನ್ನು ಟೇಬಲ್ ಅಂಚಿನ ಕುಳಿಗಳಿಗೆ, ಅಂದರೆ ಪಾಕೆಟ್ಟುಗಳಿಗೆ, ಬೀಳಿಸುವ ಆಟ. ಅದನ್ನು ಆಡುವವರಲ್ಲಿ ಒಂದು ಗತ್ತು ಚಾಲ್ತಿಯಲ್ಲಿದೆ: ಪಾಕೆಟ್ ಎಷ್ಟು ಕಿರಿದೋ ಆಟಗಾರ ಅಷ್ಟು ದೊಡ್ಡವನು. ಬೆಂಗಳೂರಿನಲ್ಲಿ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹೋಗಿಬರಬಹುದಾದ ದೂರದಲ್ಲಿ ಮೂರು ಪಾರ್ಲರ್‌ಗಳಿವೆ. ಮೂರರಲ್ಲೂ ಒಂಬತ್ತು ಅಡಿಯ ಟೇಬಲ್ಲೇ. ಆದರೆ ಮೂಲೆ ಪಾಕೆಟ್ಟಿನ ಬಾಯಿ ಒಂದರಲ್ಲಿ ಐದು ಇಂಚು, ಇನ್ನೊಂದರಲ್ಲಿ ನಾಲ್ಕೂವರೆ, ಮತ್ತೊಂದರಲ್ಲಿ ನಾಲ್ಕೂಕಾಲು. ಮೂರೂ ಕಡೆ ಗಂಟೆಗಟ್ಟಲೆ ದುಡ್ಡು ತೆತ್ತ ಮೇಲೆ ನಾಲ್ಕೂವರೆಯ ಟೇಬಲ್ ಇರುವಲ್ಲಿ ಮೂರು ತಿಂಗಳ ಪಾಸ್ ಮಾಡಿಸಿದೆ. ಆ ಹಣದ ಬಗ್ಗೆ ನನಗೆ ಒಂದಿಷ್ಟೂ ಕೊರಗಿಲ್ಲ.

ಅಳೆಯಲು ಟೇಪು ಹುಡುಕಬೇಕಾಗಿಲ್ಲ. ಪೂಲ್ ಚೆಂಡಿನ ವ್ಯಾಸ ಎರಡೂಕಾಲು ಇಂಚು. ಎರಡು ಚೆಂಡುಗಳನ್ನು ಪಾಕೆಟ್ಟಿನ ಬಾಯಲ್ಲಿ, ಕುಶನ್ನಿನ (ಟೇಬಲ್ ಸುತ್ತ ಬಟ್ಟೆ ಹೊದಿಸಿದ ರಬ್ಬರ್ ಅಂಚು) ಎರಡು ಮೂತಿಗಳ ನಡುವೆ, ಒಂದಕ್ಕೊಂದು ತಾಗಿಸಿ ಇಡಿ. ಎರಡೂ ಬದಿ ಸವರಿಕೊಂಡು ಕುಳಿತರೆ ಹೆಚ್ಚುಕಡಿಮೆ ನಾಲ್ಕೂವರೆ. ಪಕ್ಕದಲ್ಲಿ ಬೆರಳು ತೂರುವಷ್ಟು ಸಂದು ಉಳಿದರೆ ಐದು. ಎರಡನೆಯದನ್ನು ಒತ್ತಿ ತೂರಿಸಬೇಕಾಗಿ ಬಂದರೆ ಇನ್ನೂ ಬಿಗಿ. ವಿಶ್ವ ಪೂಲ್ ಸಂಸ್ಥೆಯ ನಿಯಮದಲ್ಲಿರುವುದು ಮೂಲೆಗೆ 4.5ರಿಂದ 4.625 ಇಂಚು, ನಡುವಿನ ಪಾಕೆಟ್ಟಿಗೆ ಅದಕ್ಕಿಂತ ಅರ್ಧ ಇಂಚು ಹೆಚ್ಚು.

ಐದರಿಂದ ನಾಲ್ಕೂಕಾಲಿಗೆ ಇಳಿದರೆ ಮುಕ್ಕಾಲು ಇಂಚು ತಾನೇ ಎಂದು ನೀವು ಕೇಳಬಹುದು. ಪಾಕೆಟ್ಟಿನ ಬಾಯಿಯ ಅಳತೆಯಲ್ಲಿ ಅದು ಶೇ 15 ಮಾತ್ರ. ಆದರೆ ಚೆಂಡಿನ ಅಗಲವನ್ನು ಕಳೆದು ನೋಡಿ. ತಪ್ಪಲು ನಮಗಿರುವ ಜಾಗ ಎರಡೂಮುಕ್ಕಾಲು ಇಂಚಿನಿಂದ ಎರಡಕ್ಕೆ ಬಂದಿರುತ್ತದೆ. ಕಾಲುಭಾಗಕ್ಕಿಂತ ಹೆಚ್ಚೇ ಹೋಯಿತು. ಓರೆಯಿಂದ ಬರುವ ಚೆಂಡಿಗೆ, ಜೋರಾಗಿ ಹೊಡೆದ ಚೆಂಡಿಗೆ ಇದು ಇನ್ನೂ ಕುಗ್ಗುತ್ತದೆ.

ಐದು ಇಂಚಿನ ಟೇಬಲ್ ಮನೆಗೆ ಬಂದ ನೆಂಟರ ಮಕ್ಕಳನ್ನು ಕರೆದುಕೊಂಡು ಹೋಗಲು ಚೆನ್ನಾಗಿದೆ. ಗಂಟೆಗೆ 150 ರೂಪಾಯಿ, ಎಲ್ಲರಿಗೂ ನಾಲ್ಕು ಚೆಂಡು ಬೀಳುತ್ತವೆ, ಎಲ್ಲರೂ ನಗುತ್ತಾ ಮನೆಗೆ ಹೋಗುತ್ತಾರೆ. ಅದರಲ್ಲಿ ಇನ್ನೊಂದು ಗುಣವೂ ಇದೆ. ಪಾಕೆಟ್ಟಿನ ಎಡಬದಿಗೆ ಬೀಳಿಸಬೇಕೋ ಬಲಬದಿಗೋ ಎಂದು ಆರಿಸಿಕೊಂಡು, ಬಿಳಿ ಚೆಂಡು ಹೊರಳುವ ದಿಕ್ಕನ್ನು ಬದಲಿಸಬಹುದು. ಹಿಂದಿನ ಹೊಡೆತದಲ್ಲಿ ಜಾಗ ಕೆಟ್ಟಿದ್ದರೂ ಹೀಗೆ ಸರಿಪಡಿಸಿಕೊಳ್ಳಬಹುದು. ಕೆಡುಕೂ ಅಲ್ಲಿಂದಲೇ ಶುರು. ಪಾಕೆಟ್ಟಿಗಿಂತ ಮೊದಲೇ ಕುಶನ್ನಿಗೆ ಬಡಿದ ಚೆಂಡೂ ಒಳಗೆ ಹೋಗುವುದರಿಂದ, ಜೋರಾಗಿ ಬೀಸುವ ಚಾಳಿ ಕೈಗೆ ಅಂಟಿಕೊಳ್ಳುತ್ತದೆ.

ಇನ್ನು ನಾಲ್ಕೂಕಾಲಿನ ಟೇಬಲ್. ಗಂಟೆಗೆ 250 ರೂಪಾಯಿ, ಗೋಡೆಯ ಮೇಲೆ ‘ಪ್ರೊ ಟೇಬಲ್’ ಎಂಬ ಬೋರ್ಡು. ಬಿಗಿಯಾದದ್ದಕ್ಕೆ ನನ್ನ ತಕರಾರಿಲ್ಲ, ಬಿಗಿ ಮಾಡಿದ ರೀತಿಗೆ ಇದೆ. ಮೂಲತಃ ಅದೂ ಐದು ಇಂಚಿನ ಟೇಬಲ್ಲೇ. ಪಾಕೆಟ್ಟಿನ ಒಳಬದಿಗೆ, ಕುಶನ್ನಿನ ತುದಿಯಲ್ಲಿ, ಒಂದು ಗಟ್ಟಿ ರಬ್ಬರ್ ಪಟ್ಟಿ ಇರುತ್ತದಲ್ಲ, ಅದರ ಕೆಳಗೆ ಇನ್ನೂ ಪಟ್ಟಿಗಳನ್ನು ಪದರ ಪದರವಾಗಿ ಅಂಟಿಸಿ, ಮೇಲೆ ಬಟ್ಟೆ ಎಳೆದು ಕಟ್ಟಿದ್ದಾರೆ. ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹೋಗಿ ಮತ್ತೆ ಪುಟಿಯುತ್ತದೆ.

ಆ ಪುಟಿತವೇ ತಲೆನೋವು. ಚೆಂಡಿನ ರಭಸವನ್ನು ಕೊಂದು ಒಳಗೆ ತಳ್ಳಬೇಕಾದ ಜಾಗ ಅದು. ಇಲ್ಲಿ ಅದೇ ಚೆಂಡನ್ನು ಎದುರು ದವಡೆಗೆ, ಅಂದರೆ ಪಾಕೆಟ್ ಬಾಯಿಯ ಆಚೆ ಬದಿಗೆ, ಎಸೆಯುತ್ತದೆ, ಎದುರಿನದು ಮತ್ತೆ ಇತ್ತ ಎಸೆಯುತ್ತದೆ, ಚೆಂಡು ಟಪಟಪನೆ ಸದ್ದು ಮಾಡಿ ಹೊರಗೆ ಬಂದು ನಿಲ್ಲುತ್ತದೆ. ಪಟ್ಟಿ ಹೆಚ್ಚಿದಂತೆ ಬಾಯಿಯ ಕೋನವೂ ಕೆಡುತ್ತದೆ. ಎರಡು ದವಡೆಗಳು ಬೇಕಾದಷ್ಟು ಅರಳದೆ ಹೆಚ್ಚುಕಡಿಮೆ ಸಮಾನಾಂತರವಾಗಿ ನಿಂತುಬಿಡುತ್ತವೆ. ತಪ್ಪಾಗಿ ಹೊಡೆದದ್ದು ಹೊರಗೆ ಬಂದರೆ ನ್ಯಾಯ. ಪಾಕೆಟ್ಟಿನ ನಡುವಿನಿಂದ ಚೂರೇ ಚೂರು ಸರಿದ, ಯಾವ ಟೇಬಲ್ಲಿನಲ್ಲಾದರೂ ಬೀಳಬೇಕಾದ ಹೊಡೆತವೂ ಹೊರಬಂದರೆ ಕಲಿಯುವುದಾದರೂ ಏನನ್ನು? ಟೇಬಲ್ ನೋಡಿಕೊಳ್ಳುವ ಮಾರ್ಕರ್‌ನನ್ನು ಕೇಳಿದರೆ, “ಟೈಟ್ ಪಾಕೆಟ್ ಸರ್, ನೀವು ಇನ್ನೂ ಕರೆಕ್ಟಾಗಿ ಹೊಡೆಯಬೇಕು,” ಎಂದ. ಅವನ ಕಣ್ಣೆದುರೇ ಅವನ ಹೊಡೆತವೂ ಹೊರಬಂತು. ಆಗ ಅವನು ಚಾಕ್ ಹುಡುಕುವ ನೆಪದಲ್ಲಿ ಆ ಕಡೆ ಹೋದ.

ಸರಿಯಾದ ವಿಧಾನ ಬೇರೆ ಇದೆ. ಕುಶನ್ನಿನ ಮರವನ್ನೇ ತುದಿಯಲ್ಲಿ ಉದ್ದ ಮಾಡಿ, ಹೊಸ ರಬ್ಬರ್ ಕೂರಿಸಿ, ಕೋನ ನೋಡಿ ಕತ್ತರಿಸಿ, ಕೊನೆಗೆ ಒಂದೇ ಪಟ್ಟಿ ಅಂಟಿಸಬೇಕು. ಅದಕ್ಕೆ ಖರ್ಚೂ ಹೆಚ್ಚು, ಕೈ ಪಳಗಿದ ಕೆಲಸಗಾರನೂ ಬೇಕು.

ನನ್ನ ನಾಲ್ಕೂವರೆಯ ಟೇಬಲ್ ಮೊದಲಿನಿಂದಲೂ ಆ ಅಳತೆಗೇ ಮಾಡಿದ್ದು. ಕುಶನ್ನಿಗೆ ಅಂಟಿಕೊಂಡ ಚೆಂಡನ್ನು ಉದ್ದಕ್ಕೆ ಮೂಲೆಗೆ ಕಳಿಸುವ ಹೊಡೆತದಲ್ಲಿ ಇದರ ಸ್ವಭಾವ ಗೊತ್ತಾಗುತ್ತದೆ. ಮೆಲ್ಲಗೆ ಉರುಳಿಸಿದರೆ, ದವಡೆಗೆ ಸವರಿದರೂ ಚೆಂಡು ಒಂದು ಕ್ಷಣ ಅಂಚಿನಲ್ಲಿ ತೂಗಿ ಒಳಗೆ ಇಳಿಯುತ್ತದೆ. ಅದೇ ಹೊಡೆತಕ್ಕೆ ಒಂದಿಷ್ಟು ಜೋರು ಬೆರೆಸಿದರೆ ಬೀಳುವುದಿಲ್ಲ. ಹೀಗಾಗಿ ನನ್ನ ಕೈ ತಾನಾಗಿಯೇ ಮೆದುವಾಯಿತು. ಬಿಳಿ ಚೆಂಡನ್ನು ಮುಂದಿನ ಹೊಡೆತಕ್ಕೆ ಹತ್ತಿರ ತಂದು ನಿಲ್ಲಿಸುವ ಕಡೆ ಗಮನ ಹೋಯಿತು. ಏಕೆಂದರೆ ದೂರದಿಂದ ಏನೋ ಮಾಡಿ ಬೀಳಿಸಿಬಿಡುತ್ತೇನೆ ಎಂಬ ಭರವಸೆ ಇಲ್ಲಿ ಇಲ್ಲ. ಅವಕಾಶ ಚೆನ್ನಾಗಿಲ್ಲದಿದ್ದರೆ ಎದುರಾಳಿಗೆ ಕಷ್ಟವಾಗುವಂತೆ ಬಿಳಿ ಚೆಂಡನ್ನು ಅಡಗಿಸಿಡುವುದನ್ನೂ ಕಲಿತೆ; ಐದು ಇಂಚಿನಲ್ಲಿ ಅದರ ಗೊಡವೆಯೇ ಬೇಕಿರಲಿಲ್ಲ.

ಸ್ನೂಕರ್ ಟೇಬಲ್ಲನ್ನು ಈ ಹೋಲಿಕೆಗೆ ಸೇರಿಸಿಲ್ಲ. ಅದರ ಪಾಕೆಟ್ ಇನ್ನೂ ಕಿರಿದು, ಬಾಯಿಯ ಅಂಚು ದುಂಡಗೆ, ಚೆಂಡೂ ಚಿಕ್ಕದು, 52.5 ಮಿಲಿಮೀಟರ್. ಬಿಲಿಯರ್ಡ್ಸ್, ಸ್ನೂಕರ್‌ಗಳ ವಿಶ್ವ ಚಾಂಪಿಯನ್ ಪಂಕಜ್ ಅಡ್ವಾಣಿ ಬೆಳೆದ ಊರಾದ್ದರಿಂದ ಇಲ್ಲಿ ಸ್ನೂಕರ್ ಕಲಿತು ಪೂಲಿಗೆ ಬಂದವರು ಸಿಗುತ್ತಲೇ ಇರುತ್ತಾರೆ. ಅವರಿಗೆ ನಾಲ್ಕೂಕಾಲೂ ಹೆಬ್ಬಾಗಿಲು. ಅವರ ಮಾತು ಕೇಳಿ ನೀವು ಟೇಬಲ್ ಆರಿಸಬೇಡಿ.

ನಾನು ಆಡುವುದು ಕಚೇರಿ ಮುಗಿದ ಮೇಲೆ, ಅದೂ ಟ್ರಾಫಿಕ್ ಬಿಟ್ಟುಕೊಟ್ಟ ದಿನ. ಟೂರ್ನಿ ಗೆಲ್ಲುವ ಹಂಬಲವಿಲ್ಲ, ಗಂಟೆಗೆ 200 ರೂಪಾಯಿಗಿಂತ ಹೆಚ್ಚು ಕೊಡುವ ಮನಸ್ಸೂ ಇಲ್ಲ. ಪಾಸ್ ಇರುವುದರಿಂದ ಅದಕ್ಕಿಂತ ಅಗ್ಗವೇ ಬೀಳುತ್ತದೆ. ದಿನಾ ನಾಲ್ಕು ಗಂಟೆ ಆಡುವ ಹುಡುಗರಾದರೆ ನಾಲ್ಕೂಕಾಲಿಗೆ ಹೋಗಲಿ, ಆದರೆ ಮೊದಲು ದವಡೆಗೆ ಹೆಬ್ಬೆರಳು ಒತ್ತಿ ನೋಡಲಿ. ‘ಪ್ರೊ ಟೇಬಲ್’ ಮಾಲೀಕರು ಕುಶನ್ ಹೊಸದಾಗಿ ಹಾಕಿಸುತ್ತೇನೆ ಎಂದಿದ್ದಾರೆ. ಹಾಕಿಸಿದರೆ ಭಾನುವಾರ ಒಂದು ಗಂಟೆ ಅಲ್ಲೂ ಆಡುತ್ತೇನೆ, ಪಾಸ್ ಮಾತ್ರ ಇಲ್ಲೇ ಮುಂದುವರಿಯುತ್ತದೆ.