"ಸರ್, ಆವಾಜ್ ಬರ್ವಲ್ದರಿ": ಸೆಕೆಂಡ್ ಹ್ಯಾಂಡ್ ಥಿನ್ ಕ್ಲೈಂಟ್ ಡಬ್ಬಿಗಳ ಜೊತೆ ಏಳು ವರ್ಷ

ಪ್ರೊಸೆಸರ್ ಯಾವುದು, ಯುಎಸ್‌ಬಿ ಎಷ್ಟಿವೆ ಅನ್ನೋದೆಲ್ಲ ಮಾರುವವರ ಪುಟದಲ್ಲೇ ಇರುತ್ತದೆ, ನೀವು ಅದನ್ನು ನೋಡಿಯೇ ಬಂದಿರುತ್ತೀರಿ. ಅದರ ಬಗ್ಗೆ ನಾನು ಬರೆಯುವುದಿಲ್ಲ. ನಾನು ಬರೆಯುತ್ತಿರುವುದು ಆವಾಜಿನ ಬಗ್ಗೆ. ಥಿನ್ ಕ್ಲೈಂಟ್ ಅಂದರೆ ಒಂದು ದೊಡ್ಡ ಕಂಪ್ಯೂಟರಿನ, ಅಂದರೆ ಸರ್ವರಿನ, ಆಸರೆಯಲ್ಲಿ ನಡೆಯುವ ಪುಟ್ಟ ಕಂಪ್ಯೂಟರ್ ಡಬ್ಬಿ. ಈ ಡಬ್ಬಿಗಳು ನನಗೆ ಕೊಟ್ಟ ತಲೆನೋವಿನಲ್ಲಿ ಮುಕ್ಕಾಲು ಪಾಲು ಅದೇ.

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ, ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನ ಟೈಪಿಂಗ್ ಮತ್ತು ಶಾರ್ಟ್‌ಹ್ಯಾಂಡ್ ಕ್ಲಾಸಿದೆ. ಆಳಂದ, ಜೇವರ್ಗಿ, ಚಿತ್ತಾಪುರದಿಂದ ಬಸ್ಸಿನಲ್ಲಿ ಬರುವ ಹುಡುಗ ಹುಡುಗಿಯರು. ನಮ್ಮ ಭಾಗದವರಿಗೆ ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಸರ್ಕಾರಿ ನೌಕರಿಯ ಆಸೆ ಇಲ್ಲಿ ಜಾಸ್ತಿಯೇ ಆಗಿದೆ, ಹಾಗಾಗಿ ಕ್ಲಾಸು ಹೇಗೋ ನಡೆಯುತ್ತದೆ. ಮೊದಲು ಡಿಕ್ಟೇಶನ್ ನಾನೇ ಓದುತ್ತಿದ್ದೆ. ಎಲ್ಲರಿಗೂ ಒಂದೇ ಸ್ಪೀಡು. ಜೂನಿಯರ್‌ನವನು ಬೆವರುತ್ತಿದ್ದ, ಸೀನಿಯರ್‌ನವಳು ಆಕಳಿಸುತ್ತಿದ್ದಳು. ಒಬ್ಬೊಬ್ಬರಿಗೂ ಒಂದೊಂದು ಹೆಡ್‌ಫೋನ್ ಕೊಟ್ಟು, ಅವರವರ ಸ್ಪೀಡಿನ ಡಿಕ್ಟೇಶನ್ ಅವರವರೇ ಹಾಕಿಕೊಳ್ಳುವಂತೆ ಮಾಡಬೇಕು ಅನ್ನೋದು ನನ್ನ ಆಸೆ. ಹದಿನಾರು ಹೊಸ ಕಂಪ್ಯೂಟರಿಗೆ ದುಡ್ಡಿರಲಿಲ್ಲ. 2018ರ ಡಿಸೆಂಬರಿನಲ್ಲಿ ಸಿಕಂದರಾಬಾದಿಗೆ ಹೋಗಿ, ಯಾವುದೋ ಆಫೀಸಿನವರು ಬಿಸಾಕಿದ್ದ ಥಿನ್ ಕ್ಲೈಂಟ್‌ಗಳನ್ನು ಒಂದಕ್ಕೆ 2,200 ರೂಪಾಯಿಯಂತೆ ಹದಿನೆಂಟು ತಂದೆ. ಎರಡು ದಾರಿಯಲ್ಲೇ ಸತ್ತವೋ, ಸತ್ತದ್ದನ್ನೇ ಕೊಟ್ಟರೋ ಗೊತ್ತಿಲ್ಲ. ಅಂಗಡಿಯವನು ಆಮೇಲೆ ಫೋನ್ ಎತ್ತಲಿಲ್ಲ. ಉಳಿದ ಹದಿನಾರು ಇವತ್ತಿಗೂ ಇವೆ.

ಸರ್ವರಿಗೆ ಒಂದು ಒಳ್ಳೆ ಕಂಪ್ಯೂಟರ್, ಅದರಲ್ಲಿ ವಿಂಡೋಸ್ ಬದಲು ಉಬುಂಟು 18.04 ಅನ್ನುವ ಲಿನಕ್ಸ್, ಅದರ ಮೇಲೆ ಎಲ್‌ಟಿಎಸ್‌ಪಿ, ಅಂದರೆ ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್. ಪುಕ್ಕಟೆ. ಡಬ್ಬಿಯಲ್ಲಿ ಹಾರ್ಡ್ ಡಿಸ್ಕ್ ಬೇಡ, ನೆಟ್‌ವರ್ಕ್ ಕೇಬಲ್ಲಿನಿಂದಲೇ ಬೂಟ್ ಆಗುತ್ತದೆ. ಆಗ ಕೆಲಸವೆಲ್ಲ ಸರ್ವರಿನಲ್ಲಿ ನಡೆಯುತ್ತಿತ್ತು, ಡಬ್ಬಿ ಬರೀ ತೋರಿಸುತ್ತಿತ್ತು. ಮೊದಲ ದಿನ ಹದಿನಾರೂ ಆನ್ ಮಾಡಿ ನಡುವೆ ನಿಂತೆ. ಫ್ಯಾನೇ ಇಲ್ಲದ ಡಬ್ಬಿಗಳು, ಒಂಚೂರೂ ಸದ್ದಿಲ್ಲ. ಹಳೇ ಕಂಪ್ಯೂಟರುಗಳ ಭರ್ರ್ ಅನ್ನುವ ಗದ್ದಲ ಕೇಳಿ ಬೆಳೆದ ಕಿವಿಗೆ ಅದೆಷ್ಟು ಹಿತ ಅನಿಸಿತು ಅಂತೀರಿ! ಆಮೇಲೆ ಹೆಡ್‌ಫೋನ್ ಹಾಕಿಕೊಂಡೆ. ಅಲ್ಲೂ ಸದ್ದಿಲ್ಲ.

ಇಲ್ಲಿಂದ ಶುರುವಾಯಿತು ನೋಡಿ. ಇಂಟರ್ನೆಟ್ಟಿನಲ್ಲಿ ಯಾರೋ ಹೇಳಿದರು, ಬಳಕೆದಾರರನ್ನೆಲ್ಲ 'ಆಡಿಯೋ' ಗುಂಪಿಗೆ ಸೇರಿಸು, ಸರಿಹೋಗುತ್ತದೆ ಅಂತ. ಸೇರಿಸಿದೆ. ಮಾರನೇ ದಿನ ಒಬ್ಬ ಹುಡುಗ ಓಡಿ ಬಂದ. "ಸರ್, ಒಳಗಿನ ಖೋಲ್ಯಾಗ ಅಕ್ಕೋರು ಒಬ್ಬರೇ ಮಾತಾಡ್ಲಕತ್ತಾರ್ರಿ!" ಅಕ್ಕೋರು ಅಂದರೆ ನಮ್ಮ ಮನೆಯವರು, ಡಿಕ್ಟೇಶನ್ ಓದಿ ರೆಕಾರ್ಡ್ ಮಾಡಿಕೊಟ್ಟವರು. ಆ ಹೊತ್ತಿಗೆ ಅವರು ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಹೋಗಿ ನೋಡಿದರೆ ಸರ್ವರಿನ ಸ್ಪೀಕರಿನಿಂದ "ಮಾನ್ಯರೇ, ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ" ಅಂತ ಗೋಡೆಗೆ ಪತ್ರ ಓದುತ್ತಿದೆ.

ಹುಡುಗ ಪ್ಲೇ ಒತ್ತುವುದು ಡಬ್ಬಿಯ ಮುಂದೆ ಕೂತು, ಆದರೆ ಹಾಡುವ ಪ್ರೋಗ್ರಾಂ ಇರುವುದು ಸರ್ವರಿನಲ್ಲಿ. ಆವಾಜು ಎಲ್ಲಿಗೆ ಹೋಗಬೇಕು ಅಂತ ಯಾರಾದರೂ ಅದಕ್ಕೆ ಹೇಳಬೇಕು. ಹೇಳದಿದ್ದರೆ ಅದು ತನ್ನ ಮಗ್ಗುಲಲ್ಲೇ ಇರುವ ಸೌಂಡ್ ಕಾರ್ಡ್ ಹುಡುಕುತ್ತದೆ. ಅದನ್ನು ಮುಟ್ಟುವ ಅನುಮತಿ ಇಲ್ಲದಿದ್ದರೆ ಸುಮ್ಮನಾಗುತ್ತದೆ. ನಾನು ಆಡಿಯೋ ಗುಂಪಿಗೆ ಸೇರಿಸಿ ಆ ಅನುಮತಿಯನ್ನೂ ಕೈಯಾರೆ ಕೊಟ್ಟಿದ್ದೆ! ಸರಿಯಾದ ದಾರಿ ಬೇರೆ. ಪ್ರತಿ ಡಬ್ಬಿಯಲ್ಲೂ ಪಲ್ಸ್‌ಆಡಿಯೋ ಎಂಬ ಆವಾಜಿನ ಪ್ರೋಗ್ರಾಂ ಓಡುತ್ತಿರುತ್ತದೆ, 4713ನೇ ಪೋರ್ಟಿನಲ್ಲಿ ಕಿವಿ ತೆರೆದುಕೊಂಡು ಕೂತಿರುತ್ತದೆ. ಲಾಗಿನ್ ಆಗುವಾಗ 'ಪಲ್ಸ್ ಸರ್ವರ್' ಎಂಬ ಹೆಸರಿನ ವೇರಿಯಬಲ್‌ನಲ್ಲಿ ಆ ಡಬ್ಬಿಯ ಐಪಿ ವಿಳಾಸ ಕೂರಬೇಕು. ಕಮ್ಯಾಂಡ್ ಹೊಡೆಯುವ ಟರ್ಮಿನಲ್ ಕಿಟಕಿಯಲ್ಲಿ 'ಎಕೋ' ಕಮ್ಯಾಂಡಿನಿಂದ ಅದರಲ್ಲಿ ಏನಿದೆ ಅಂತ ನೋಡಿ. ನನ್ನ ನೆಟ್‌ವರ್ಕಿನಲ್ಲಾದರೆ 192.168.67 ಅಂತ ಶುರುವಾಗುವ ವಿಳಾಸ ಕಂಡರೆ ದಾರಿ ಸರಿ ಇದೆ. ಖಾಲಿ ಬಂದರೆ ರೋಗ ಅಲ್ಲೇ. ನನ್ನದು ಖಾಲಿ. ಮೊದಲ ವಾರ ಏನೇನೋ ಕೆದಕುವಾಗ ಎಲ್‌ಟಿಎಸ್ ಕಾನ್ಫ್ ಅನ್ನುವ ಸೆಟ್ಟಿಂಗ್ ಫೈಲಿನಲ್ಲಿ 'ಸೌಂಡ್' ಎಂಬ ಸಾಲಿಗೆ ನಾನೇ 'ಫಾಲ್ಸ್' ಅಂತ ಬರೆದಿಟ್ಟಿದ್ದೆ. ಬೈಯಲು ಬೇರೆ ಯಾರೂ ಸಿಗಲಿಲ್ಲ.

ಸರಿ, ಆವಾಜು ಬಂತು. ಒಂದು ದಿನ. ಮರುದಿನ ಬೆಳಿಗ್ಗೆ ಮತ್ತೆ "ಸರ್, ಆವಾಜ್ ಬರ್ವಲ್ದರಿ." ಆವಾಜು ಏರಿಳಿಸುವ ಅಲ್ಸಾಮಿಕ್ಸರ್ ಪ್ರೋಗ್ರಾಂ ತೆಗೆದರೆ ಮಾಸ್ಟರ್ ಕಂಬದ ಕೆಳಗೆ 'ಎಮ್ ಎಮ್', ಅಂದರೆ ಮ್ಯೂಟ್. ಎಮ್ ಕೀ ಒತ್ತಿದರೆ 'ಓ ಓ' ಆಗುತ್ತದೆ, ಆವಾಜು ಬರುತ್ತದೆ. ಹದಿನಾರು ಡಬ್ಬಿಗೂ ಒತ್ತಿದೆ. ಮಾರನೇ ದಿನ ಮತ್ತೆ ಎಮ್ ಎಮ್. ಒಂದು ವಾರ ಹೀಗೇ ಹೋಯಿತು, ರಾತ್ರಿ ಯಾರೋ ಬಂದು ಮ್ಯೂಟ್ ಮಾಡಿ ಹೋಗುತ್ತಿದ್ದಾರೇನೋ ಅನಿಸಿತ್ತು. ಆಮೇಲೆ ಹೊಳೆಯಿತು. ಡಿಸ್ಕೇ ಇಲ್ಲದ ಡಬ್ಬಿಗೆ ನೆನಪು ಎಲ್ಲಿಂದ ಬರಬೇಕು? ಸರ್ವರಿನಿಂದ ಬಂದ ಇಮೇಜ್, ಅಂದರೆ ಇಡೀ ಸಿಸ್ಟಮ್‌ನ ಪ್ರತಿ, ಓದುವುದಕ್ಕೆ ಮಾತ್ರ. ನಾವು ಮಾಡುವ ಬದಲಾವಣೆ ಎಲ್ಲ ರ‍್ಯಾಮ್‌ನಲ್ಲಿ, ಸ್ವಿಚ್ ಆಫ್ ಮಾಡಿದರೆ ಎಲ್ಲ ಅಳಿಸಿ ಹೋಗುತ್ತದೆ. ಅದೇ ಕಾನ್ಫ್ ಫೈಲಿನಲ್ಲಿ 'ವಾಲ್ಯೂಮ್ = 90' ಅಂತ ಒಂದು ಸಾಲು ಹಾಕಿ ಡಬ್ಬಿಗಳನ್ನು ರೀಸ್ಟಾರ್ಟ್ ಮಾಡಿದೆ. ಆ ರೋಗ ಮತ್ತೆ ಬರಲಿಲ್ಲ.

ನಾಲ್ಕು ಡಬ್ಬಿಗಳದ್ದು ಬೇರೆಯೇ ಕಥೆ, ಚಿಕ್ಕದಾಗಿ ಹೇಳುತ್ತೇನೆ. ಅವುಗಳ ಮಾನಿಟರು ಎಚ್‌ಡಿಎಂಐ ಕೇಬಲ್ಲಿನದು. ಡಬ್ಬಿಯು ಎಚ್‌ಡಿಎಂಐಯನ್ನೇ ಮೊದಲ ಸೌಂಡ್ ಕಾರ್ಡ್ ಅಂತ ಹಿಡಿದು ಆವಾಜೆಲ್ಲ ಮಾನಿಟರಿಗೆ ಕಳಿಸುತ್ತಿತ್ತು. ಮಾನಿಟರಿಗೋ ಸ್ಪೀಕರೇ ಇಲ್ಲ. 'ಎಪ್ಲೇ ಹೈಫನ್ ಎಲ್' ಕಮ್ಯಾಂಡ್ ಹೊಡೆದರೆ ಕಾರ್ಡ್ 0, ಕಾರ್ಡ್ 1 ಅಂತ ಪಟ್ಟಿ ಬರುತ್ತದೆ. ಹೆಡ್‌ಫೋನಿನದು ಕಾರ್ಡ್ 1 ಆಗಿತ್ತು, ಅದನ್ನೇ ಡೀಫಾಲ್ಟ್ ಮಾಡಿದೆ. ಅಷ್ಟೇ.

ನಿಜವಾಗಿ ನನ್ನ ತಾಳ್ಮೆ ಕೆಡಿಸಿದ್ದು ಇದ್ಯಾವುದೂ ಅಲ್ಲ. ಆವಾಜು ತುಂಡಾಗುವುದು. ಪೂರ್ತಿ ಬರದಿದ್ದರೆ ಗೊತ್ತಾಗುತ್ತದೆ, ಹುಡುಗರು ಕೂಗುತ್ತಾರೆ. ನಡುವೆ ಒಂದು ಚೂರು ನುಂಗಿಕೊಂಡರೆ? ಪರೀಕ್ಷೆ ಹತ್ತಿರ ಇತ್ತು. ಸೀನಿಯರ್ ಹುಡುಗಿ, ಕೈ ಬಹಳ ಚುರುಕು, ಬರೆದು ತಂದು ತೋರಿಸಿದಳು. "ಸದರಿ ಅರ್ಜಿಯನ್ನು ಪರಿಗಣಿಸಲಾಗುವುದು" ಅಂತ ಇತ್ತು. ನಮ್ಮ ಮನೆಯವರು ಓದಿದ್ದು "ಪರಿಗಣಿಸಲಾಗುವುದಿಲ್ಲ" ಅಂತ. ಕಡೆಯ 'ದಿಲ್ಲ' ಪಟ್ ಅಂತ ಕತ್ತರಿಸಿ ಹೋಗಿದೆ, ಅವಳು ಅಂದಾಜಿನ ಮೇಲೆ 'ದು' ಹಾಕಿ ಮುಗಿಸಿದ್ದಾಳೆ. ಒಂದು ಕಚೇರಿ ಪತ್ರದಲ್ಲಿ ಇದರ ಅರ್ಥ ಏನಾಗುತ್ತದೆ ಯೋಚಿಸಿ! ನಾನು ಅವಳನ್ನೇ ಬೈದೆ, ಲಕ್ಷ್ಯ ಎಲ್ಲಿದೆ ಅಂತ. ಅವಳು ಮಾತಾಡದೆ ಹೆಡ್‌ಫೋನ್ ನನ್ನ ಕೈಗೆ ಕೊಟ್ಟಳು. ಕೇಳಿದೆ. ನನಗೂ 'ದಿಲ್ಲ' ಕೇಳಲಿಲ್ಲ.

ಆ ದಿನ ಹದಿನಾರನ್ನೂ ಗುಜರಿಗೆ ಹಾಕುವ ಮನಸ್ಸಾಗಿತ್ತು. ಈ ವಿಮರ್ಶೆಯನ್ನು ಆಗಲೇ ಬರೆದಿದ್ದರೆ ಒಂದೇ ಸ್ಟಾರ್ ಕೊಡುತ್ತಿದ್ದೆ.

ಕಾರಣ ಸಿಗಲು ಎರಡು ವಾರ ಬೇಕಾಯಿತು. ಮೊದಲು ಕೇಬಲ್ಲಿನ ಮೇಲೆ ಸಂಶಯ. ನೆಟ್‌ವರ್ಕಿನ ಸ್ಪೀಡು ತೋರಿಸುವ ಎಥ್‌ಟೂಲ್‌ನಲ್ಲಿ ನೋಡಿದರೆ ಎರಡು ಡಬ್ಬಿಗಳ ಸ್ಪೀಡು ಸೆಕೆಂಡಿಗೆ 100 ಮೆಗಾಬಿಟ್ ಬದಲು 10ಕ್ಕೆ ಇಳಿದಿತ್ತು. ಕ್ರಿಂಪಿಂಗ್ ಸರಿ ಇರಲಿಲ್ಲ, ಒಂದನ್ನು ಇಲಿ ಕಡಿದಿತ್ತು. ಬದಲಿಸಿದೆ. ಆದರೂ ಮಧ್ಯಾಹ್ನ ಮಾತ್ರ ತುಂಡಾಗುತ್ತದೆ, ಬೆಳಿಗ್ಗೆ ಇಲ್ಲ. ಕಾಗದ ಹಿಡಿದು ಲೆಕ್ಕ ಹಾಕಲು ಕೂತೆ. ಸಿಡಿ ಗುಣಮಟ್ಟದ ಆವಾಜು ಸೆಕೆಂಡಿಗೆ 44,100 ಸಲ ಅಳೆದದ್ದು, ಪ್ರತಿ ಸಲ 16 ಬಿಟ್, ಎರಡು ಕಿವಿಗೆ. ಗುಣಿಸಿದರೆ ಸುಮಾರು 1.4 ಮೆಗಾಬಿಟ್. ಎಂಪಿ3 ಫೈಲು ಚಿಕ್ಕದಿದ್ದರೂ ಏನೂ ಉಪಯೋಗವಿಲ್ಲ, ಸರ್ವರು ಅದನ್ನು ಬಿಚ್ಚಿ ಪೂರ್ತಿ ಗಾತ್ರದಲ್ಲೇ ಕಳಿಸುತ್ತದೆ. ಹದಿನಾರು ಡಬ್ಬಿಗೆ 23 ಮೆಗಾಬಿಟ್ ಒಳಗೇ. ಡಬ್ಬಿಗಳನ್ನು ಸರ್ವರಿಗೆ ಜೋಡಿಸುವ ನನ್ನ ನೆಟ್‌ವರ್ಕ್ ಸ್ವಿಚ್ 100 ಮೆಗಾಬಿಟ್ಟಿನದ್ದು. ಸಾಕಲ್ವಾ? ಸಾಕು, ಯಾರೂ ವಿಡಿಯೋ ನೋಡದಿದ್ದರೆ. 1024×768 ಪರದೆಯ ತುಂಬ ವಿಡಿಯೋ ಓಡಿದರೆ ಒಂದೊಂದು ಚಿತ್ರವೂ ಎರಡು ಮೆಗಾಬೈಟಿಗಿಂತ ಜಾಸ್ತಿ. ಸೆಕೆಂಡಿಗೆ 25 ಚಿತ್ರ ಅಂದರೆ 470 ಮೆಗಾಬಿಟ್ ದಾಟುತ್ತದೆ. 100ರ ಪೈಪಿನಲ್ಲಿ ಅದು ಹಿಡಿಯುವುದೇ ಇಲ್ಲ, ಹಿಡಿಯದಿದ್ದರೂ ನುಗ್ಗುತ್ತಲೇ ಇರುತ್ತದೆ, ಪಕ್ಕದಲ್ಲಿ ಹೋಗುತ್ತಿದ್ದ ಆವಾಜು ಕಾಲಿಗೆ ಸಿಕ್ಕಿ ತುಳಿಸಿಕೊಳ್ಳುತ್ತದೆ.

ಮಧ್ಯಾಹ್ನ ವಿಡಿಯೋ ನೋಡುವವರು ಯಾರು ಅಂತ ಹುಡುಕಿದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1:30ಕ್ಕೆ ಮುಗಿಯುತ್ತವೆ. ಆಮೇಲೆ ಕೆಲವು ನೌಕರರು ಪ್ರಮೋಶನ್ ಪರೀಕ್ಷೆಗೆಂದು ಟೈಪಿಂಗ್ ಕಲಿಯಲು ಬರುತ್ತಾರೆ. ಹೊರಗೆ 42 ಡಿಗ್ರಿ, ಇಲ್ಲಿ ಕೂಲರ್ ಇದೆ. ಹತ್ತು ನಿಮಿಷ ಟೈಪು, ಆಮೇಲೆ ಯೂಟ್ಯೂಬು. ದೊಡ್ಡವರು, ಏನನ್ನಬೇಕು? "ಸಾಹೇಬ್ರ, ವಿಡಿಯೋ ಒಂದು ಬಂದ್ ಮಾಡ್ರಿ" ಅಂತ ಕೈಮುಗಿದೆ. ಸಂಕೋಚದಿಂದ ಬಂದ್ ಮಾಡಿದರು. ಆವಾಜು ಸರಿಹೋಯಿತು!

ಆಮೇಲೆ ಮಾಡಿದ್ದು ಎರಡು ಕೆಲಸ. ಸರ್ವರಿನಿಂದ ಸ್ವಿಚ್‌ವರೆಗೆ ಗಿಗಾಬಿಟ್, ಅಂದರೆ 1000 ಮೆಗಾಬಿಟ್, ಮಾಡಿದೆ. ಇನ್ನೊಂದು, ಡಿಕ್ಟೇಶನ್ ಫೈಲುಗಳನ್ನೆಲ್ಲ ಮೋನೋ (ಎರಡೂ ಕಿವಿಗೆ ಒಂದೇ ಆವಾಜು) ಮಾಡಿ, ಸೆಕೆಂಡಿಗೆ 22,050 ಸಲಕ್ಕೆ ಇಳಿಸಿದೆ. ಒಬ್ಬರೇ ಓದುವ ಪತ್ರಕ್ಕೆ ಸ್ಟೀರಿಯೋ ಯಾಕೆ? ಹೊರೆ ನಾಲ್ಕನೇ ಒಂದು ಪಾಲಾಯಿತು, ಮಾತಿನ ಸ್ಪಷ್ಟತೆಗೆ ಏನೂ ಕುಂದಾಗಲಿಲ್ಲ. ಹಳೇ ಚಿಪ್ಪಿನ ಒಂದೆರಡು ಡಬ್ಬಿ ಆಗಲೂ ಚರಚರ ಅನ್ನುತ್ತಿದ್ದವು. ಪಲ್ಸ್‌ಆಡಿಯೋ ಸೆಟ್ಟಿಂಗಿನಲ್ಲಿ ಆವಾಜು ಕಳಿಸುವ ಸಮಯ ನೋಡಿಕೊಳ್ಳುವ 'ಟಿಶೆಡ್' ಅನ್ನೋದನ್ನು 0 ಮಾಡಿದ ಮೇಲೆ ಅವೂ ಸುಮ್ಮನಾದವು.

2020ರ ಲಾಕ್‌ಡೌನಿನಲ್ಲಿ ಕ್ಲಾಸಿಗೆ ಬೀಗ. ಆಗ ಹೊಸ ಎಲ್‌ಟಿಎಸ್‌ಪಿ ಹಾಕಿದೆ. 2019ರಲ್ಲಿ ಅದನ್ನು ಪೂರ್ತಿ ಹೊಸದಾಗಿ ಬರೆದಿದ್ದಾರೆ. ಈಗ ಡಬ್ಬಿ ಬೂಟ್ ಮಾತ್ರ ನೆಟ್‌ವರ್ಕಿನಿಂದ, ಪ್ರೋಗ್ರಾಂ ಎಲ್ಲ ಡಬ್ಬಿಯಲ್ಲೇ ಓಡುತ್ತದೆ. ಆವಾಜು ಹುಟ್ಟುವುದೂ ಅಲ್ಲೇ, ಕೇಳುವುದೂ ಅಲ್ಲೇ. 4713 ಬೇಡ, ವೇರಿಯಬಲ್ ಬೇಡ. ಆದರೆ 2 ಜಿಬಿ ರ‍್ಯಾಮ್ ಸಾಲದು, 4 ಮಾಡಲು ಒಂದಕ್ಕೆ 450 ರೂಪಾಯಿ ಸುರಿಯಬೇಕಾಯಿತು. ಪ್ರೊಸೆಸರ್ 64 ಬಿಟ್ಟಿನದ್ದಾಗಿತ್ತು, ಬಚಾವಾದೆ. 32 ಬಿಟ್ಟಿನದ್ದಾಗಿದ್ದರೆ ಉಬುಂಟು 20.04 ಹತ್ತುತ್ತಲೇ ಇರಲಿಲ್ಲ. ನೆನಪಿನ ರೋಗ ಮಾತ್ರ ಹಾಗೇ ಇದೆ, ಬೂಟ್ ಆಗುವಾಗ ಅಮಿಕ್ಸರ್ ಅನ್ನುವ ಕಮ್ಯಾಂಡ್ ಓಡಿ ಮ್ಯೂಟ್ ತೆಗೆಯುವಂತೆ ಒಂದು ಸಾಲು ಸೇರಿಸಿದ್ದೇನೆ.

ಈಗಿನ ದಿನಚರಿ ಹೇಳಲೇಬೇಕು. ಬೆಳಿಗ್ಗೆ ಆರೂವರೆಗೆ ಬೀಗ ತೆಗೆದು, ಫರ್ಸಿ ಮೇಲೆ ನೀರು ಚಿಮುಕಿಸಿ ಕಸ ಹೊಡೆಯುತ್ತೇನೆ, ಇಲ್ಲದಿದ್ದರೆ ಧೂಳು ಜ್ಯಾಕಿನೊಳಗೆ ಹೋಗುತ್ತದೆ. ಮೊದಲು ಯುಪಿಎಸ್, ಆಮೇಲೆ ಸರ್ವರು, ಆಮೇಲೆ ಸ್ವಿಚ್. ಸ್ವಿಚ್ಚಿನ ಹಸಿರು ದೀಪ ನಿಂತ ಮೇಲೆ ಡಬ್ಬಿಗಳು, ಒಂದಾದ ಮೇಲೆ ಒಂದು. ಅಷ್ಟರಲ್ಲಿ ಕೆಳಗಿನ ಚಹಾದವನು ಕಟ್ಟಿಂಗ್ ತಂದಿಟ್ಟಿರುತ್ತಾನೆ. ಗ್ಲಾಸು ಕೈಯಲ್ಲಿ ಹಿಡಿದು ಒಂದೊಂದೇ ಡಬ್ಬಿಗೆ ಸ್ಪೀಕರ್ ಟೆಸ್ಟ್. ಅದರೊಳಗಿನ ಹೆಂಗಸು "ಫ್ರಂಟ್ ಲೆಫ್ಟ್" ಅನ್ನುತ್ತಾಳೆ, ಆಮೇಲೆ "ಫ್ರಂಟ್ ರೈಟ್". ಹದಿನಾರು ಸಲ. ಬೇಗ ಬಂದ ಹುಡುಗರು ಬಾಗಿಲಲ್ಲಿ ನಿಂತು ಅದನ್ನೇ ಅಣಕಿಸುತ್ತಾರೆ. ನನ್ನ ಬೆನ್ನ ಹಿಂದೆ ನನ್ನ ಹೆಸರೇ ಫ್ರಂಟ್ ಲೆಫ್ಟ್ ಸರ್ ಅಂತ ಆಗಿದೆಯಂತೆ, ಗೊತ್ತು.

ಕೊಳ್ಳಬೇಕಾ? ಬರೀ ಟೈಪಿಂಗಿಗಾದರೆ ಕಣ್ಣು ಮುಚ್ಚಿ ಕೊಳ್ಳಿ. ಕನ್ನಡದ ಕೆಜಿಪಿ ಕೀಲಿಮಣೆ ಐಬಸ್ ಅನ್ನುವ ಟೈಪಿಂಗ್ ಪ್ರೋಗ್ರಾಂನಲ್ಲಿ ಸಲೀಸಾಗಿ ಬರುತ್ತದೆ. ನನ್ನ ಡಬ್ಬಿ ಒಂದಕ್ಕೆ 15 ವಾಟ್ ಸಾಕು, ಹದಿನಾರು ಸೇರಿದರೂ ಹಳೇ ಕಂಪ್ಯೂಟರ್ ಎರಡೋ ಮೂರೋ ತಿನ್ನುವಷ್ಟೇ ಕರೆಂಟು. ಆವಾಜಿನ ಕೆಲಸ ಇದ್ದರೆ 4 ಜಿಬಿ, 64 ಬಿಟ್ ಇರುವುದನ್ನೇ ಕೇಳಿ ಪಡೆಯಿರಿ. ಅಂಗಡಿಯಲ್ಲೇ ಒಂದು ಇಯರ್‌ಫೋನ್ ಚುಚ್ಚಿ, ಪಿನ್ನನ್ನು ಸ್ವಲ್ಪ ಅಲ್ಲಾಡಿಸಿ ನೋಡಿ. ಜ್ಯಾಕು ಸಡಿಲ ಇದ್ದರೆ ಯಾವ ಕಮ್ಯಾಂಡೂ ಅದನ್ನು ಸರಿಮಾಡುವುದಿಲ್ಲ. ನಾನು ನೋಡದೆ ತಂದೆ. ಏಳನೇ ನಂಬರಿನ ಡಬ್ಬಿಯಲ್ಲಿ ಇವತ್ತಿಗೂ ಫ್ರಂಟ್ ಲೆಫ್ಟ್ ಮಾತ್ರ. ಆ ಸೀನಿಯರ್ ಹುಡುಗಿ ಪಾಸಾಗಿ ಹೋಗುವವರೆಗೂ ಅದರಲ್ಲೇ ಕೂರುತ್ತಿದ್ದಳು, ಕಿಟಕಿ ಪಕ್ಕ ಗಾಳಿ ಬರುತ್ತದೆ ಅಂತ.