ತೂಕ ಇಳಿದ ಮೇಲೆ ಸೂಟು: ಹಳೇದನ್ನೇ ಹಿಡಿಸೋದಾ, ಹೊಸದು ಕೊಳ್ಳೋದಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಿಡಿಸುವುದಕ್ಕೆ, ಅಂದರೆ ಹೊಲಿಗೆ ಒಳಗೆ ತಗೊಂಡು ಚಿಕ್ಕದು ಮಾಡಿಸುವುದಕ್ಕೆ. ಅದೂ ಟೈಲರ್ ಹೊಲಿದ ಸೂಟಾಗಿದ್ದರೆ ಎರಡು ಮಾತೇ ಇಲ್ಲ. ರೆಡಿಮೇಡ್ ಆಗಿದ್ದರೆ ಮಾತ್ರ ಸ್ವಲ್ಪ ಯೋಚನೆ ಮಾಡಬೇಕು.

ನಾನು 92 ಕೆಜಿಯಿಂದ 76ಕ್ಕೆ ಇಳಿದೆ. ಕೋಟಿನ ಸೈಜು 44 ಇದ್ದದ್ದು 40 ಆಯಿತು. ಪ್ಯಾಂಟಿನ ಸೊಂಟ 40 ಇದ್ದದ್ದು 36ಕ್ಕೆ ಬಂತು. ಬೀರುವಿನಲ್ಲಿ ಎರಡು ಸೂಟುಗಳಿದ್ದವು. ಒಂದು, ಮದುವೆಗೆ ಬಟ್ಟೆ ತೆಗೆದು ಹೊಲಿಸಿದ ಕಡುನೀಲಿ ಟೆರಿವುಲ್ (ಪಾಲಿಯೆಸ್ಟರ್, ಉಣ್ಣೆ ಬೆರೆತ ಬಟ್ಟೆ) ಸೂಟು. ಇನ್ನೊಂದು, ಆಫೀಸಿನ ಮೀಟಿಂಗ್‌ಗಳಿಗೆ ಅಂತ ಮಾಲ್‌ನಲ್ಲಿ ಕೊಂಡ ಬೂದು ಬಣ್ಣದ ರೆಡಿಮೇಡ್. ಎರಡನ್ನೂ ಹಿಡಿಸಲು ಕೊಟ್ಟೆ. ಒಂದು ಗೆದ್ದಿತು, ಒಂದು ಸೋತಿತು. ಸೋತದ್ದರ ಜಾಗಕ್ಕೆ ಹೊಸ ರೆಡಿಮೇಡ್ ಬಂತು. ಹಾಗಾಗಿ ಮೂರೂ ದಾರಿ ನೋಡಿದ ಹಾಗಾಯಿತು.

ಪ್ಯಾಂಟಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನನ್ನ ತಲೆ ಜಾಸ್ತಿ ಕೆಡಿಸಿದ್ದು ಅದೇ. ಸೊಂಟ ಹಿಡಿಸುವುದು ಅಂದರೆ ಎಲ್ಲರೂ ಸುಲಭದ ಕೆಲಸ ಅಂದುಕೊಳ್ಳುತ್ತಾರೆ. ಒಂದೂವರೆ, ಎರಡು ಇಂಚಿನ ತನಕ ಅದು ನಿಜ. ಹಿಂದುಗಡೆ ಸೀಟಿನ ಹೊಲಿಗೆ ಬಿಚ್ಚಿ, ಎರಡೂ ಕಡೆ ಒಳಗೆ ತಗೊಂಡು, ಮತ್ತೆ ಹೊಲಿದರೆ ಮುಗಿಯಿತು. ಆದರೆ ನನ್ನದು 4 ಇಂಚು. ಮನೆ ಹತ್ತಿರ ಒಂದು ಆಲ್ಟರೇಷನ್ ಅಂಗಡಿ ಇದೆ, ಸಂಜೆ ಕೊಟ್ಟರೆ ಬೆಳಿಗ್ಗೆ ಕೊಡುತ್ತಾರೆ. ಬೂದು ಪ್ಯಾಂಟು ಅಲ್ಲಿಗೆ ಹೋಯಿತು. 150 ರೂಪಾಯಿ. ಹಾಕಿ ನೋಡಿದೆ, ಸೊಂಟ ಸರಿಯಾಗಿ ಕೂತಿತ್ತು. ಕನ್ನಡಿಯ ಮುಂದೆ ತಿರುಗಿ ನಿಂತಾಗ ವಿಷಯ ಗೊತ್ತಾಯಿತು. ಹಿಂದಿನ ಎರಡು ಜೇಬುಗಳು ಒಂದೇ ಬೆಂಚಿನಲ್ಲಿ ಒತ್ತಿ ಕೂರಿಸಿದ ಮಕ್ಕಳ ಹಾಗೆ ಅಂಟಿಕೊಂಡಿವೆ! ಮಧ್ಯೆ ಎರಡು ಬೆರಳಿನ ಜಾಗವೂ ಇಲ್ಲ. ಬಲಗಡೆ ಜೇಬಿನಲ್ಲಿ ಪರ್ಸ್ ಇಟ್ಟು ಕೂತರೆ ನೇರವಾಗಿ ಬೆನ್ನುಮೂಳೆಯ ಬುಡಕ್ಕೆ ಒತ್ತುತ್ತಿತ್ತು.

ಅಷ್ಟೇ ಆಗಿದ್ದರೆ ಕೋಟು ಮುಚ್ಚುತ್ತೆ ಬಿಡು ಅನ್ನಬಹುದಿತ್ತು. 4 ಇಂಚನ್ನೂ ಹಿಂದಿನಿಂದಲೇ ಎಳೆದದ್ದರಿಂದ ಪಕ್ಕದ ಹೊಲಿಗೆ ಮೇಲುಗಡೆ ಹಿಂದಕ್ಕೆ ವಾಲಿತ್ತು. ನೆಟ್ಟಗೆ ಕೆಳಗಿಳಿಯಬೇಕಾದ ಇಸ್ತ್ರಿ ಗೆರೆ ಮಂಡಿಯ ಹತ್ತಿರ ಹೊರಗೆ ತಿರುಗಿತ್ತು. ಎಷ್ಟು ಇಸ್ತ್ರಿ ಹಾಕಿದರೂ ಅದು ಸರಿಹೋಗುವುದಿಲ್ಲ, ಬಟ್ಟೆಯೇ ತಿರುಗಿರುತ್ತದಲ್ವಾ. ಅಂಗಡಿಯವನನ್ನು ಕೇಳಿದರೆ, "ಇಷ್ಟು ಹಿಡಿದರೆ ಹಾಗೇ ಆಗೋದು ಸಾರ್" ಅಂದ.

ಹಾಗೇ ಆಗಬೇಕಾಗಿಲ್ಲ. ನೀಲಿ ಸೂಟು ಹೊಲಿದಿದ್ದ ಮಾಸ್ಟರ್ ಹತ್ತಿರ ಹೋದಾಗ ಅದು ತಿಳಿಯಿತು. ಅವರು ನೀಲಿ ಪ್ಯಾಂಟಿನ ಸೊಂಟದ ಪಟ್ಟಿಯನ್ನೇ ಪೂರ್ತಿ ಬಿಚ್ಚಿದರು. ಹಿಂದಿನಿಂದ 2 ಇಂಚು, ಎರಡೂ ಪಕ್ಕಗಳಿಂದ ಒಂದೊಂದು ಇಂಚು ಹಂಚಿ ತಗೊಂಡರು. ಪಕ್ಕದಲ್ಲಿ ತಗೊಳ್ಳಬೇಕಾದರೆ ಸೈಡ್ ಜೇಬುಗಳನ್ನು ಬಿಚ್ಚಿ, ಜೇಬಿನ ಚೀಲವನ್ನು ಹೊಸದಾಗಿ ಕೂರಿಸಬೇಕು. ಕೆಲಸ ಜಾಸ್ತಿ, ಅದಕ್ಕೇ ಬೇಗ ಕೊಡುವ ಅಂಗಡಿಗಳು ಅದಕ್ಕೆ ಕೈ ಹಾಕುವುದಿಲ್ಲ. ತೊಡೆಯ ಹತ್ತಿರವೂ ಸ್ವಲ್ಪ ಹಿಡಿದರು. 600 ರೂಪಾಯಿ ತಗೊಂಡರು. ಜೇಬುಗಳು ಕೊಂಚ ಹತ್ತಿರ ಬಂದಿವೆ, ಆದರೆ ಗೊತ್ತಿಲ್ಲದವರಿಗೆ ಗೊತ್ತಾಗುವುದಿಲ್ಲ. ನೀವು ಯಾರ ಹತ್ತಿರವೇ ಕೊಡಿ, 2 ಇಂಚಿಗಿಂತ ಜಾಸ್ತಿ ಇದ್ದರೆ "ಪಕ್ಕದಲ್ಲೂ ತಗೋತೀರಾ?" ಅಂತ ಮೊದಲು ಕೇಳಿ. ಇಲ್ಲ ಅಂದರೆ ಪ್ಯಾಂಟು ವಾಪಸ್ ತಗೊಂಡು ಬನ್ನಿ.

ಪ್ಯಾಂಟು ಕೆಟ್ಟರೆ ಅದೊಂದನ್ನೇ ಬೇರೆ ತಗೊಂಡರೆ ಆಯಿತು ಅಂತ ಸಲಹೆ ಕೊಡುವವರಿದ್ದಾರೆ. ಆಗುವುದಿಲ್ಲ. ಅದೇ ಕಂಪನಿಯ ಅದೇ ಬಣ್ಣ ಸಿಕ್ಕರೂ ಹಳೇ ಕೋಟು ಡ್ರೈಕ್ಲೀನ್ ಆಗಿ ಆಗಿ ಒಂದು ಛಾಯೆ ಇಳಿದಿರುತ್ತದೆ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಸರಿ ಕಾಣುತ್ತದೆ, ಬಿಸಿಲಿಗೆ ಬಂದರೆ ಗುಟ್ಟು ರಟ್ಟು. ವಕೀಲರ ಕರಿ ಕೋಟಿಗೆ ಈ ಜಂಜಾಟ ಇಲ್ಲ. ಜೋಡಿ ಸೇರಿಸಬೇಕಿಲ್ಲ, ಹಾಗಾಗಿ ಅವರು ನೇರವಾಗಿ ಹೊಸ ಕೋಟು ಕೊಂಡರೂ ನಷ್ಟವಿಲ್ಲ.

ಈಗ ಕೋಟಿನ ವಿಷಯ. ಇಲ್ಲಿ ಎಲ್ಲ ಶೋಲ್ಡರ್ ಮೇಲೆ ನಿಂತಿದೆ. ಮಾಸ್ಟರ್ ಟೇಪು ಹಿಡಿಯುವ ಮೊದಲು ನನ್ನನ್ನು ಅಂಗಡಿಯ ಗೋಡೆಗೆ ಪಕ್ಕವಾಗಿ ಒರಗಿ ನಿಲ್ಲಿಸಿದರು. ತೋಳು ಗೋಡೆಗೆ ತಾಗುವ ಮೊದಲೇ ಶೋಲ್ಡರ್ ಪ್ಯಾಡ್ ತಾಗಿ ಮಡಚಿದರೆ ಕೋಟು ಭುಜದಲ್ಲಿ ದೊಡ್ಡದು ಅಂತ ಲೆಕ್ಕ. ನೀಲಿ ಕೋಟು ಚೂರೇ ಚೂರು ಆಚೆ ಇತ್ತು. "ಹೊಟ್ಟೆ ಕರಗಿದಷ್ಟು ಭುಜ ಕರಗಲ್ಲ ಸಾರ್, ಅಲ್ಲಿರೋದು ಮೂಳೆ. ಇದನ್ನ ಮುಟ್ಟೋದು ಬೇಡ" ಅಂದರು. ಎರಡೂ ಪಕ್ಕದ ಹೊಲಿಗೆಗಳಲ್ಲಿ ಹಿಡಿದು, ತೋಳಿನ ಅಗಲವನ್ನೂ ಸ್ವಲ್ಪ ಇಳಿಸಿದರು. ಬೆನ್ನಿನ ನಡುಹೊಲಿಗೆಯಲ್ಲಿ ಜಾಸ್ತಿ ತಗೊಂಡರೆ ಕೆಳಗಿನ ಸೀಳು ಬಾಯಿಬಿಡುತ್ತದೆ ಅಂತ ಅಲ್ಲಿ ಸುಮ್ನೆ ಬಿಟ್ಟರು. ಲೈನಿಂಗ್ ಬಿಚ್ಚಿ ಮತ್ತೆ ಕೂರಿಸಿದ್ದೂ ಸೇರಿ 1,200 ರೂಪಾಯಿ.

ಅಂದರೆ ಇಡೀ ನೀಲಿ ಸೂಟಿಗೆ 1,800 ರೂಪಾಯಿ. ಒಂದು ಕೊರತೆ ಉಳಿದಿದೆ. ಕಂಕುಳಿನ ಸುತ್ತಳತೆ ಹಳೇದೇ, ಅದನ್ನು ಚಿಕ್ಕದು ಮಾಡುವುದಕ್ಕೆ ಆಗುವುದಿಲ್ಲ. ಹಾಗಾಗಿ ಕೈ ಎತ್ತಿದರೆ ಕೋಟು ಪೂರ್ತಿ ಮೇಲೇಳುತ್ತದೆ. ಸೂಟು ಹಾಕಿ ಮೆಟ್ರೋದಲ್ಲಿ ಹಿಡಿ ಹಿಡಿದು ನಿಲ್ಲುವವರಿಗೆ ಇದು ಕಿರಿಕಿರಿ. ನಾನು ಸೂಟು ಹಾಕುವುದು ಆರತಕ್ಷತೆಗೆ, ಅಲ್ಲಿ ಎತ್ತಬೇಕಾದದ್ದು ತಟ್ಟೆ ಮಾತ್ರ.

ಇದೇ ಕೆಲಸ ಬೂದು ಕೋಟಿಗೆ ಆಗಲಿಲ್ಲ. ಭುಜ ಎರಡೂ ಕಡೆ ಮುಕ್ಕಾಲು ಇಂಚು ಜೋತುಬಿದ್ದಿತ್ತು. ಶೋಲ್ಡರ್ ಇಳಿಸಬೇಕಾದರೆ ತೋಳನ್ನು ಪೂರ್ತಿ ಕಳಚಿ, ಕಂಕುಳ ಕತ್ತರಿಸಿ, ಮತ್ತೆ ತೋಳು ಕೂರಿಸಬೇಕು. ಮಾಸ್ಟರ್ ಕೋಟಿನ ಎದೆಭಾಗವನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ತೋರಿಸಿದರು. ಕೋಟಿನ ಎದುರು ಭಾಗ ನೆಟ್ಟಗೆ ನಿಲ್ಲಲಿ ಅಂತ ಬಟ್ಟೆಯ ಹಿಂದೆ ಇನ್ನೊಂದು ಪದರ ಇರುತ್ತದೆ. ನೀಲಿ ಕೋಟಿನಲ್ಲಿ ಅದು ಹೊಲಿದ ಕ್ಯಾನ್ವಾಸ್. ಬೂದು ಕೋಟಿನಲ್ಲಿ ಅಂಟಿಸಿದ ಫ್ಯೂಸಿಂಗ್. ಅಂಟು ಅಲ್ಲಲ್ಲಿ ಬಿಟ್ಟು, ಕಾಲರ್ ಕೆಳಗೆ ಸಣ್ಣ ಗುಳ್ಳೆಗಳು ಎದ್ದಿದ್ದವು. "ಇದಕ್ಕೆ ಎರಡು ಸಾವಿರ ಹಾಕಿಸಿಕೊಂಡು ನಾನೇನು ಮಾಡಲಿ, ಮುಂದಿನ ಡ್ರೈಕ್ಲೀನ್‌ಗೆ ಇನ್ನೂ ಏಳುತ್ತೆ" ಅಂತ ವಾಪಸ್ ಕೊಟ್ಟರು. ಬಂದ ಕೆಲಸ ಬೇಡ ಅನ್ನುವ ಟೈಲರ್ ಸಿಕ್ಕರೆ ಬಿಡಬೇಡಿ. ಆ ಕೋಟು ಈಗ ನನ್ನ ಬಾಮೈದನ ಮೈಮೇಲಿದೆ. ಅವನದು ಇನ್ನೂ 44.

ಇನ್ನು ಹೊಸದು. ಮತ್ತೆ ಮಾಲ್‌ಗೇ ಹೋದೆ, ಮೀಟಿಂಗ್ ಹತ್ತಿರ ಇತ್ತು. 14,500 ರೂಪಾಯಿ. ಅದರಲ್ಲಿ ತೆರಿಗೆಯೂ ಸೇರಿದೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿ ದಾಟಿದ ಉಡುಪಿಗೆ ಜಿಎಸ್‌ಟಿ ಶೇ 18 ಆಗಿದೆ, ಮೊದಲು ಶೇ 12 ಇತ್ತು. ಭುಜ ಅಚ್ಚು ಹಾಕಿದ ಹಾಗೆ ಕೂತಿತು, ಅದನ್ನು ಒಪ್ಪಬೇಕು. ಕಂಕುಳೂ ಸರಿ, ಕೈ ಎತ್ತಿದರೂ ಕೋಟು ಅಲ್ಲೇ ಇರುತ್ತದೆ. ಆದರೆ 40ರ ಕೋಟಿನ ಜೊತೆ ಸೆಟ್‌ನಲ್ಲಿ ಬರುವುದು 34ರ ಪ್ಯಾಂಟು. ಎದೆಗೂ ಸೊಂಟಕ್ಕೂ 6 ಇಂಚು ವ್ಯತ್ಯಾಸ ಇರಬೇಕು ಅಂತ ಕಂಪನಿಯವರ ಲೆಕ್ಕ. ತೂಕ ಇಳಿದರೂ ಹೊಟ್ಟೆ ಪೂರ್ತಿ ಹೋಗದ ನನ್ನಂಥವರಿಗೆ ಆ ಲೆಕ್ಕ ಕೂಡುವುದಿಲ್ಲ. ಸೀಟಿನಲ್ಲಿದ್ದ ಬಟ್ಟೆಯನ್ನೆಲ್ಲ ಬಿಡಿಸಿದರೂ ಒಂದೂವರೆ ಇಂಚು ಸಿಕ್ಕಿತು ಅಷ್ಟೇ. ಊಟ ಆದ ಮೇಲೆ ಇವತ್ತಿಗೂ ಬಿಗಿ. ಹದಿನಾಲ್ಕು ಸಾವಿರ ಕೊಟ್ಟ ಹೊಸ ಸೂಟನ್ನೂ ಕಡೆಗೆ ಟೈಲರ್ ಹತ್ತಿರವೇ ಒಯ್ಯಬೇಕಾಯಿತು ನೋಡಿ.

ಹೊಸದಾಗಿ ಹೊಲಿಸಿದರೆ ಎಷ್ಟಾಗುತ್ತೆ ಅಂತಲೂ ವಿಚಾರಿಸಿದೆ. ಚಿಕ್ಕಪೇಟೆಯಲ್ಲಿ ಮೀಟರಿಗೆ 1,100ರ ಒಳ್ಳೇ ಟೆರಿವುಲ್ ಸಿಗುತ್ತಿತ್ತು. ಒಂದು ಸೂಟಿಗೆ ಮೂರೂಕಾಲು ಮೀಟರ್ ಹಿಡಿದರೆ ಬಟ್ಟೆಗೆ 3,600 ರೂಪಾಯಿ ಹತ್ತಿರ. ಮಾಸ್ಟರ್ ಹೊಲಿಗೆ 8,000. ಮಾಲ್‌ಗಿಂತ ಕಡಿಮೆ, ಅಳತೆಯೂ ನಮ್ಮದೇ. ಒಂದೇ ತೊಂದರೆ, ಮದುವೆ ಸೀಸನ್‌ನಲ್ಲಿ ಕೊಟ್ಟರೆ ಅವರು ಹೇಳಿದ ದಿನಕ್ಕೆ ಬಟ್ಟೆ ಕೈಗೆ ಬರುವುದಿಲ್ಲ.

ಸಣ್ಣಪುಟ್ಟದ್ದು ಒಂದೆರಡು ಇವೆ. ವೇಸ್ಟ್‌ಕೋಟಿಗೆ ಬೆನ್ನಲ್ಲಿ ಬಕಲ್ ಪಟ್ಟಿ ಇರುತ್ತದೆ, ಎಳೆದುಕೊಂಡರೆ ಆಯಿತು. ಕೋಟಿನ ಉದ್ದ ಇಳಿಸಲು ಹೋಗಬೇಡಿ, ಜೇಬುಗಳು ತುದಿಗೆ ಬಂದು ಕೂರುತ್ತವೆ. ತೂಕ ಒಂದು ಕಡೆ ನಿಂತು ಕೆಲವು ತಿಂಗಳಾಗುವ ತನಕ ಕೋಟಿಗೆ ಕತ್ತರಿ ಹಾಕಿಸಬೇಡಿ, ಅಲ್ಲಿವರೆಗೆ ಬೆಲ್ಟ್ ಸಾಕು.

ಹಿಡಿಸುವಾಗ ಮಾಸ್ಟರ್ ಒಂದು ಪ್ರಶ್ನೆ ಕೇಳಿದರು: "ಒಳಗಡೆ ಬಟ್ಟೆ ಕತ್ತರಿಸಲಾ, ಬಿಡಲಾ?" ಬಿಡಿ ಅಂದೆ. ಒಳಗೆ ಸ್ವಲ್ಪ ದಪ್ಪಗೆ ಆಗುತ್ತದೆ, ಆದರೆ ಮತ್ತೆ ಬಿಡಿಸುವ ದಾರಿ ಉಳಿಯುತ್ತದೆ. ದೀಪಾವಳಿಯಿಂದ ಸಂಕ್ರಾಂತಿ ತನಕ ನನ್ನ ಬಾಯಿ ಮೇಲೆ ನನಗೇ ನಂಬಿಕೆ ಇಲ್ಲ.

ದಿನಾ ಸೂಟು ಹಾಕಿ ಕೆಲಸಕ್ಕೆ ಹೋಗುವವರಾದರೆ ಹೊಸದನ್ನೇ ಹೊಲಿಸಿ, ಆ ಕಂಕುಳಿನ ಕಿರಿಕಿರಿ ದಿನಾ ಯಾರಿಗೆ ಬೇಕು. ನನ್ನ ಹಾಗೆ ವರ್ಷಕ್ಕೆ ನಾಲ್ಕೈದು ಮದುವೆ, ಒಂದೆರಡು ಮೀಟಿಂಗ್ ಅಷ್ಟೇ ಆದರೆ 1,800 ರೂಪಾಯಿಯಲ್ಲಿ ಮುಗಿಸಿ. ಮುಂದೆ ಸೂಟು ಬೇಕಾದರೆ ನಾನಂತೂ ಮಾಲ್ ಕಡೆ ಹೋಗುವುದಿಲ್ಲ. ಚಿಕ್ಕಪೇಟೆಯಿಂದ ಬಟ್ಟೆ ತಂದು ಮಾಸ್ಟರ್‌ಗೆ ಕೊಡುತ್ತೇನೆ, ಸೀಟಿನಲ್ಲಿ ಬಟ್ಟೆ ಧಾರಾಳವಾಗಿ ಬಿಡಿ ಅಂತ ಮೊದಲೇ ಹೇಳಿ.