ಮೂರು ಮಳೆಗಾಲ ಕಂಡ ಎಸಿ ಗ್ಯಾಸ್ ರಿಕವರಿ ಯಂತ್ರ

ಕಾರಿನ ಎಸಿಯಲ್ಲಿರುವ ಹಳೆಯ ಆರ್-134ಎ ಗ್ಯಾಸನ್ನು ಹೀರಿ, ಸೋಸಿ, ಮತ್ತೆ ತುಂಬುವ ಯಂತ್ರವೊಂದು ಚಿಕ್ಕಮಗಳೂರಿನ ನಮ್ಮ ಗ್ಯಾರೇಜಿಗೆ ಬಂದು ಮೂರು ವರ್ಷಗಳಾದವು. ಈ ಗ್ಯಾಸ್ ಒಂದು ಕಿಲೋ ಗಾಳಿಗೆ ಸೇರಿದರೆ, ನೂರು ವರ್ಷಗಳ ಲೆಕ್ಕದಲ್ಲಿ 1,300 ಕಿಲೋಗೆ ಕಡಿಮೆಯಿಲ್ಲದಷ್ಟು ಇಂಗಾಲದ ಡೈಆಕ್ಸೈಡ್ ಬಿಟ್ಟ ಹಾಗೆ. ಆದ್ದರಿಂದ ಇಂಥ ಯಂತ್ರ ಪ್ರತಿ ಗ್ಯಾರೇಜಿನಲ್ಲೂ ಇರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲ ತಿಂಗಳು ನಮ್ಮನ್ನು ಕಾಡಿದ್ದು ವ್ಯಾಕ್ಯೂಮ್ ಗೇಜು, ಅಂದರೆ ಗ್ಯಾಸ್ ತುಂಬುವ ಮೊದಲು ಎಸಿಯೊಳಗಿನ ಗಾಳಿಯನ್ನು ಪಂಪು ಎಷ್ಟು ಹೀರಿತೆಂದು ತೋರಿಸುವ ಮಾಪಕ. ಮುಳ್ಳು 29 ಇಂಚು ಪಾದರಸ ದಾಟಬೇಕೆಂದು ಕೈಪಿಡಿ ಹೇಳುತ್ತಿತ್ತು. ನಮ್ಮಲ್ಲಿ ಅದು 26ರ ಬಳಿ ನಿಂತುಬಿಡುತ್ತಿತ್ತು. ಪಂಪಿನ ಆಯಿಲನ್ನು ಎರಡು ಸಲ ಬದಲಿಸಿದೆವು, ಹೋಸ್‌ಗಳನ್ನು ಬದಲಿಸಿದೆವು, ಕಂಪನಿಯಿಂದ ಬಂದವರು ಪಂಪನ್ನೇ ಬಿಚ್ಚಿ ಸೀಲು ಹಾಕಿ ಹೋದರು, ಮುಳ್ಳು ಕದಲಲಿಲ್ಲ. ಪಂಪಿನಲ್ಲಿ ದೋಷವೇ ಇರಲಿಲ್ಲ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿರುವ ನಮ್ಮ ಊರಿನಲ್ಲಿ ವಾತಾವರಣದ ಒತ್ತಡವೇ ಸುಮಾರು 26 ಇಂಚು ಪಾದರಸದಷ್ಟಿರುವಾಗ, ಗೇಜು ಅದಕ್ಕಿಂತ ಹೆಚ್ಚು ತೋರಿಸುವುದು ಸಾಧ್ಯವಿಲ್ಲ. ಹಾಸನದಲ್ಲಿಯೂ ಸ್ಥಿತಿ ಹೆಚ್ಚುಕಡಿಮೆ ಇದೇ. ಈಗ ನಾವು ಪಂಪು ನಿಲ್ಲಿಸಿ, ವಾಲ್ವ್ ಮುಚ್ಚಿ, ಹದಿನೈದು ನಿಮಿಷ ಮುಳ್ಳನ್ನು ನೋಡುತ್ತೇವೆ: ಸ್ವಲ್ಪ ಹಿಂದೆ ಬಂದು ಒಂದು ಕಡೆ ನಿಂತರೆ ಒಳಗೆ ತೇವವಿದೆ, ನಿಲ್ಲದೆ ಸೊನ್ನೆಯ ಕಡೆಗೇ ಬರುತ್ತಿದ್ದರೆ ಲೀಕ್ ಇದೆ. ಎತ್ತರದ ವಿಷಯವನ್ನು ಒಂದು ಸಾಲಿನಲ್ಲಾದರೂ ಬರೆಯದ ಕೈಪಿಡಿಯನ್ನು ನಾನು ಒಪ್ಪಲಾರೆ.

ಜೂನ್ ಬಂದರೆ ಪಂಪಿನ ಆಯಿಲಿನ ಮೇಲೆ ಕಣ್ಣಿಡಬೇಕು. ಗಾಜಿನ ಕಿಂಡಿಯಲ್ಲಿ ಜೇನಿನ ಬಣ್ಣಕ್ಕಿದ್ದ ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ಅದು ನೀರು ಹೀರಿದೆ. ಕೂಡಲೇ ಬದಲಿಸುವುದೇ ಕ್ಷೇಮ.

ಎರಡನೆಯ ವರ್ಷ ಯಂತ್ರವು ಅರ್ಧ ಗ್ಯಾಸ್ ಎಳೆಯುವಷ್ಟರಲ್ಲಿ ಅಧಿಕ ಒತ್ತಡವೆಂದು ನಿಲ್ಲತೊಡಗಿತು. ಎಳೆದ ಗ್ಯಾಸ್ ಸೇರುವ ಸಿಲಿಂಡರ್ ತುಂಬಿರಲಿಲ್ಲ. ರಾತ್ರಿಯಿಡೀ ಹಾಗೆಯೇ ಬಿಟ್ಟು ಬೆಳಿಗ್ಗೆ ನೋಡಿದಾಗ, 25 ಡಿಗ್ರಿ ಉಷ್ಣತೆಯಲ್ಲಿ 83 ಪಿಎಸ್‌ಐ ಆಸುಪಾಸು ಇರಬೇಕಾದ ಒತ್ತಡ 110 ಇತ್ತು. ಹೋಸನ್ನು ಕಾರಿನ ಎಸಿಗೆ ಜೋಡಿಸುವ ಕಪ್ಲರ್ ಸವೆದು, ಅದರ ಸಂದಿಯಿಂದ ಗ್ಯಾಸಿನೊಂದಿಗೆ ಗಾಳಿಯೂ ಒಳಗೆ ಸೇರಿತ್ತು. ಮೇಲಿನ ವಾಲ್ವಿನಿಂದ ನಿಧಾನವಾಗಿ ಗಾಳಿ ಬಿಟ್ಟು, ಕಪ್ಲರಿನ ಓ-ರಿಂಗ್ ಎಂಬ ರಬ್ಬರ್ ಬಳೆಯನ್ನು ಬದಲಿಸಿದ ಮೇಲೆ ಆ ತೊಂದರೆ ಮರುಕಳಿಸಲಿಲ್ಲ.

ಯಂತ್ರದ ನಿಜವಾದ ಕೊರತೆ ಸಿಲಿಂಡರನ್ನು ತೂಗಿ ಗ್ಯಾಸ್ ಅಳೆಯುವುದರಲ್ಲಿದೆ. ಸಿಲಿಂಡರಿಗೆ ಹೋಗುವ ಪೈಪನ್ನು ಎಷ್ಟು ಗಿಡ್ಡ ಮಾಡಿದ್ದಾರೆಂದರೆ, ಅದು ಬಿಗಿಯಾದಾಗ ಸಿಲಿಂಡರನ್ನೇ ಎತ್ತಿ ಹಿಡಿದು, ಅರುವತ್ತು ಗ್ರಾಂವರೆಗೆ ತಪ್ಪು ತೋರಿಸುತ್ತದೆ. ನಾನೂರು ಗ್ರಾಂ ಹಿಡಿಯುವ ಸಣ್ಣ ಕಾರಿಗೆ ಇದು ಚಿಕ್ಕ ತಪ್ಪಲ್ಲ. ಪೈಪನ್ನು ಸಡಿಲಿಸಿ, ತೂಕ ಗೊತ್ತಿರುವ ವಸ್ತುವನ್ನಿಟ್ಟು ವಾರಕ್ಕೊಮ್ಮೆ ಪರೀಕ್ಷಿಸುತ್ತಿದ್ದೇವೆ.

ಇಷ್ಟಿದ್ದರೂ ದಿನಕ್ಕೆ ನಾಲ್ಕೈದು ಕಾರು ನೋಡುವ ಗ್ಯಾರೇಜಿಗೆ ಇದನ್ನು ಕೊಳ್ಳಿರೆಂದೇ ಹೇಳುತ್ತೇನೆ. ಕಪ್ಲರಿನ ಓ-ರಿಂಗುಗಳನ್ನು ಮಾತ್ರ ಯಂತ್ರದ ಜೊತೆಗೇ ಒಂದು ಡಜನ್ ಕೇಳಿ ಪಡೆಯಿರಿ. ಆ ಅಳತೆಯವು ನಮಗೆ ಹಾಸನದವರೆಗೆ ಹೋಗಿ ಹುಡುಕಿದರೂ ಸಿಗಲಿಲ್ಲ.